ಮಾರ್ಕರ್ ಒಂದು ಹೇಳುತ್ತದೆ, ಕಾಂಡ ಇನ್ನೊಂದು: ಗೋಧಿಯ ಕಾಂಡ ತುಕ್ಕು ನಿರೋಧಕ ತಳಿ ಕೆಲಸದಲ್ಲಿ ದೋಷ ಪತ್ತೆ

ಧಾರವಾಡ, ಬೆಳಗಾವಿ ಕಡೆಯ ರೈತರು ಗೋಧಿಯ ತುಕ್ಕು ರೋಗವನ್ನು ಭಂಡಾರ ರೋಗ ಎನ್ನುತ್ತಾರೆ. ರೋಗ ಬಿದ್ದ ಹೊಲದಲ್ಲಿ ಒಂದು ಸುತ್ತು ಹಾಕಿ ಬಂದರೆ ಪಂಚೆಯ ಅಂಚಿಗೆ ಪುಡಿ ಮೆತ್ತಿರುತ್ತದೆ. ಕಾಂಡ ತುಕ್ಕಿನ ಪುಡಿ ಮಾತ್ರ ಭಂಡಾರದಷ್ಟು ಹಳದಿಯಲ್ಲ, ಇಟ್ಟಿಗೆ ಪುಡಿಯ ಬಣ್ಣದ್ದು. ಇದನ್ನು ತರುವ ಪಕ್ಸಿನಿಯ ಗ್ರಾಮಿನಿಸ್ ಶಿಲೀಂಧ್ರ ನೀಲಗಿರಿ ಮತ್ತು ಪಳನಿ ಬೆಟ್ಟಗಳಲ್ಲಿ ವರ್ಷವಿಡೀ ಜೀವ ಹಿಡಿದಿರುತ್ತದೆ. ನವೆಂಬರ್ ಸುಮಾರಿನ ಚಂಡಮಾರುತದ ಗಾಳಿ ಮಳೆಯ ಜೊತೆ ಅದು ಉತ್ತರಕ್ಕೆ ಹೊರಟಾಗ ದಾರಿಯಲ್ಲಿ ಮೊದಲು ಸಿಗುವುದು ದಕ್ಷಿಣದ ಗೋಧಿ. ಹಾಗಾಗಿ ನಿರೋಧಕ ತಳಿ ನಮಗೆ ಶೋಕಿಯ ಸಂಶೋಧನೆಯಲ್ಲ.

ನಿರೋಧಕ ವಂಶವಾಹಿಗಳನ್ನು ಡಿಎನ್‌ಎ ಮಾರ್ಕರ್‌ಗಳ ನೆರವಿನಿಂದ ಒಂದು ತಳಿಯಿಂದ ಇನ್ನೊಂದಕ್ಕೆ ದಾಟಿಸುವವರಿಗಾಗಿ ಈ ಬರಹ. ಕಾಂಡ ತುಕ್ಕಿನ ನಿರೋಧಕ ವಂಶವಾಹಿಗಳಿಗೆ ಎಸ್‌ಆರ್ ಎಂಬ ಹೆಸರೂ ಒಂದು ಸಂಖ್ಯೆಯೂ ಇರುತ್ತವೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಹೆಚ್ಚಿನ ಸಂದರ್ಭಗಳಲ್ಲಿ ಮಾರ್ಕರ್ ಎಂದರೆ ವಂಶವಾಹಿಯಲ್ಲ, ವಂಶವಾಹಿಯ ನೆರೆಮನೆ. ನೆರೆಮನೆಯಲ್ಲಿ ದೀಪ ಉರಿಯುತ್ತಿದೆ, ಆದ್ದರಿಂದ ಇವರೂ ಊರಲ್ಲಿದ್ದಾರೆ ಎಂದು ನಾವು ಊಹಿಸುತ್ತೇವೆ. ಕೆಳಗೆ ಬರುವ ತೊಂದರೆಗಳಲ್ಲಿ ಅರ್ಧದಷ್ಟು ಈ ಊಹೆಯಿಂದ ಹುಟ್ಟಿದವು. ಉಳಿದರ್ಧ ಚೀಟಿಯಿಂದ.

ಏನನ್ನೂ ಮುಟ್ಟುವ ಮೊದಲು: ಚೀಟಿ

ಖರ್ಚೇ ಇಲ್ಲದ ಪರೀಕ್ಷೆ ಇದು, ಎಲ್ಲರೂ ಕೊನೆಗೆ ಮಾಡುವುದೂ ಇದನ್ನೇ. ಗಿಡದ ಚೀಟಿ, ಎಲೆ ತುಂಡು ಹಾಕಿದ ಕೊಳವೆಯ ಸಂಖ್ಯೆ, ತಟ್ಟೆಯ ನಕ್ಷೆ, ಜೆಲ್‌ನ (ಡಿಎನ್‌ಎ ತುಣುಕುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಲೋಳೆಯ ಹಲಗೆಯ) ಚಿತ್ರ, ಈ ನಾಲ್ಕನ್ನೂ ಮೇಜಿನ ಮೇಲೆ ಒಟ್ಟಿಗೆ ಇಟ್ಟು ಹೋಲಿಸಿ. ನಾನು ಕೆಲಸ ಕಲಿಯುತ್ತಿದ್ದಾಗ ಒಮ್ಮೆ ವಾರಗಟ್ಟಲೆ ಪ್ರೈಮರ್‌ಗೆ, ಅಂದರೆ ಬೇಕಾದ ಡಿಎನ್‌ಎ ಜಾಗಕ್ಕೆ ಹೋಗಿ ಅಂಟುವ ಚಿಕ್ಕ ಎಳೆಗೆ, ಶಾಪ ಹಾಕಿದ್ದೆವು. ನಡೆದದ್ದು ಇಷ್ಟೇ: 96 ಗುಳಿಗಳ ತಟ್ಟೆಯನ್ನು ಯಾರೋ ತಲೆಕೆಳಗಾಗಿ ತಿರುಗಿಸಿ ಇಟ್ಟಿದ್ದರು. ಮೊದಲ ಗಿಡದ ಫಲಿತಾಂಶ ಕೊನೆಯ ಗಿಡಕ್ಕೆ, ಕೊನೆಯದು ಮೊದಲನೆಯದಕ್ಕೆ. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಅಂದಿನಿಂದ ಪ್ರತಿ ತಟ್ಟೆಯಲ್ಲಿ ಎರಡು ಗುಳಿಗಳನ್ನು ಬೇಕೆಂದೇ ಖಾಲಿ ಬಿಡುತ್ತೇನೆ, ಅವೂ ಒಂದಕ್ಕೊಂದು ಎದುರುಬದುರಾಗಿ ಬೀಳದ ಜಾಗದಲ್ಲಿ. ತಟ್ಟೆ ತಿರುಗಿದರೆ ಖಾಲಿ ಜಾಗಗಳೇ ದೂರು ಹೇಳುತ್ತವೆ.

ಹೊಲದ ಚೀಟಿಗೆ ಪೆನ್ನು ಬೇಡ, ಪೆನ್ಸಿಲ್ ಬಳಸಿ. ಜನವರಿಯ ಇಬ್ಬನಿಗೆ ಮಸಿ ಕರಗುತ್ತದೆ.

ಲಕ್ಷಣ: ಜೆಲ್‌ನಲ್ಲಿ ಏನೂ ಕಾಣುತ್ತಿಲ್ಲ

ಮೊದಲು ಅಳತೆ ಏಣಿಯನ್ನು, ಅಂದರೆ ಉದ್ದ ಗೊತ್ತಿರುವ ಡಿಎನ್‌ಎ ತುಣುಕುಗಳ ಸಾಲನ್ನು, ನೋಡಿ. ಅದೂ ಕಾಣದಿದ್ದರೆ ನಿಮ್ಮ ಡಿಎನ್‌ಎಯದು ಏನೂ ತಪ್ಪಿಲ್ಲ. ಬಣ್ಣ ಹಾಕಲು ಮರೆತಿರುತ್ತೀರಿ, ಇಲ್ಲವೇ ಕೆಂಪು ಕಪ್ಪು ತಂತಿ ಅದಲುಬದಲಾಗಿ ಎಲ್ಲವೂ ಹಿಂದಕ್ಕೆ ಓಡಿಹೋಗಿರುತ್ತದೆ.

ಏಣಿ ಇದೆ, ಆದರೆ ವಂಶವಾಹಿ ಇರುವುದು ಖಚಿತವಾದ ತಳಿಯಲ್ಲೂ ಪಟ್ಟೆ ಬಂದಿಲ್ಲ ಎಂದಾದರೆ ತಪ್ಪು ಪಿಸಿಆರ್ (ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಕ್ರಿಯೆ) ಮಿಶ್ರಣದಲ್ಲಿದೆ. ಹೊಸ ಮಿಶ್ರಣ ಮಾಡಿ ಒಂದೇ ಮಾದರಿಯ ಮೇಲೆ ನಡೆಸಿ. ಎಸ್‌ಆರ್-2ಕ್ಕೆ ಹೋಪ್, ಎಸ್‌ಆರ್-24ಕ್ಕೆ ಏಜೆಂಟ್, ಎಸ್‌ಆರ್-26ಕ್ಕೆ ಈಗಲ್, ಇವು ಇಂಥ ಖಚಿತ ತಳಿಗಳು. ಇವುಗಳ ಬೀಜ ಇಲ್ಲದೆ ಕೆಲಸಕ್ಕೆ ಇಳಿಯುವುದು ತಕ್ಕಡಿ ಇಲ್ಲದೆ ಕಾಳು ಮಾರಿದ ಹಾಗೆ.

ಖಚಿತ ತಳಿಯಲ್ಲಿ ಪಟ್ಟೆ ಬಂದು ನಿಮ್ಮ ಗಿಡಗಳಲ್ಲಿ ಮಾತ್ರ ಬರದಿದ್ದರೆ ಡಿಎನ್‌ಎ ಕೊಳೆಯಾಗಿರಬಹುದು. ಗೋಧಿ ಎಲೆಯ ಸಕ್ಕರೆ ಅಂಶಗಳು, ಫಿನಾಲ್‌ಗಳು ಕಿಣ್ವದ ಕೈ ಕಟ್ಟುತ್ತವೆ. ಹೊಸದಾಗಿ ತೆಗೆಯುವ ಮೊದಲು ಇರುವುದನ್ನೇ ಹತ್ತು ಪಟ್ಟು ತೆಳುಗೊಳಿಸಿ ನೋಡಿ. ಬಹಳ ಸಲ ಅಷ್ಟಕ್ಕೇ ಪಟ್ಟೆ ಮೂಡುತ್ತದೆ. ಮೂಡದಿದ್ದರೆ 260 ಮತ್ತು 280 ನ್ಯಾನೋಮೀಟರ್ ಅನುಪಾತ ಅಳೆಯಿರಿ, 1.8ರ ಆಸುಪಾಸು ಇರಬೇಕು. ಅದಕ್ಕಿಂತ ತೀರಾ ಕಡಿಮೆಯಿದ್ದರೆ ಎಳೆಯ ಎಲೆಯಿಂದ ಮತ್ತೆ ತೆಗೆಯಿರಿ. ತೆನೆ ಬಿಟ್ಟ ಗಿಡದ ಹಣ್ಣೆಲೆಯಿಂದ ಒಳ್ಳೆಯ ಡಿಎನ್‌ಎ ತೆಗೆಯಲು ಹೋಗಿ ಸಮಯ ಕಳೆಯಬೇಡಿ.

ಎಚ್ಚರಿಕೆ: ಕ್ಲೋರೋಫಾರ್ಮ್ ಮತ್ತು ಮರ್ಕ್ಯಾಪ್ಟೋಎಥನಾಲ್ ಬಳಸುವ ಕೆಲಸ ಹೊಗೆ ಹೀರುವ ಕಪಾಟಿನೊಳಗೇ ನಡೆಯಬೇಕು. ಎಥಿಡಿಯಂ ಬ್ರೋಮೈಡ್ ಮುಟ್ಟಿದ ಕೈಗವಸಿನಲ್ಲಿ ಬಾಗಿಲ ಹಿಡಿ, ಮೊಬೈಲ್ ಮುಟ್ಟಬೇಡಿ; ಅದರ ಜೆಲ್ ಸಿಂಕಿಗೂ ಹೋಗಬಾರದು, ಸಾಮಾನ್ಯ ಕಸಕ್ಕೂ ಹೋಗಬಾರದು. ಅತಿನೇರಳೆ ಬೆಳಕಿನಲ್ಲಿ ಜೆಲ್ ಕತ್ತರಿಸುವಾಗ ಮುಖಕ್ಕೆ ಕವಚ ಇರಲಿ. ಮೈಕ್ರೋವೇವ್‌ನಲ್ಲಿ ಕಾಯಿಸಿದ ಅಗರೋಸ್ ಶಾಂತವಾಗಿ ಕಂಡರೂ ಅಲುಗಿಸಿದೊಡನೆ ಉಕ್ಕಿ ಕೈ ಸುಡುತ್ತದೆ.

ಲಕ್ಷಣ: ಇರಬಾರದ ಕಡೆ ಪಟ್ಟೆ ಇದೆ

ಬರಿ ನೀರು ಹಾಕಿದ ಗುಳಿಯಲ್ಲೂ ಪಟ್ಟೆ ಬಂದರೆ ಆ ದಿನದ ಫಲಿತಾಂಶವನ್ನೆಲ್ಲ ಕಸದ ಬುಟ್ಟಿಗೆ ಹಾಕಿ. ಅರ್ಧ ಉಳಿಸಿಕೊಳ್ಳುವ ಆಸೆ ಬೇಡ. ನೀರು, ಪ್ರೈಮರ್, ಪಿಪೆಟ್ ಈ ಕ್ರಮದಲ್ಲಿ ಒಂದೊಂದನ್ನೇ ಬದಲಿಸಿ.

ನೀರು ಶುದ್ಧವಾಗಿದ್ದು ಗಿಡಗಳಲ್ಲಿ ಎರಡು ಮೂರು ಹೆಚ್ಚುವರಿ ಪಟ್ಟೆಗಳಿದ್ದರೆ ಗಾಬರಿ ಬೇಡ. ರೊಟ್ಟಿ, ಚಪಾತಿಗೆ ಬಳಸುವ ಸಾಮಾನ್ಯ ಗೋಧಿಯ ಒಡಲಲ್ಲಿ ಎ, ಬಿ, ಡಿ ಎಂಬ ಮೂರು ಪೂರ್ವಜರ ವರ್ಣತಂತು ಗುಂಪುಗಳಿವೆ. ಪ್ರೈಮರ್ ಒಂದು ಮನೆಯ ವಿಳಾಸ ಕೇಳಿದರೆ ಅಣ್ಣತಮ್ಮಂದಿರ ಮೂರೂ ಮನೆಗಳ ಬಾಗಿಲು ತೆರೆಯುವುದು ಸಹಜ. ಪ್ರೈಮರ್ ಅಂಟುವ ಉಷ್ಣಾಂಶವನ್ನು ಒಂದೊಂದೇ ಡಿಗ್ರಿ ಏರಿಸಿ. ಬೇಡದ ಪಟ್ಟೆಗಳು ಮೊದಲು ಮಾಸುತ್ತವೆ.

ಲಕ್ಷಣ: ಪಟ್ಟೆ ಇಲ್ಲ. ವಂಶವಾಹಿ ಇಲ್ಲವೇ, ಪಿಸಿಆರ್ ಕೆಟ್ಟಿದೆಯೇ?

ಇದ್ದರೆ ಪಟ್ಟೆ, ಇಲ್ಲದಿದ್ದರೆ ಖಾಲಿ ಎನ್ನುವ ಮಾರ್ಕರ್‌ಗಳ ಹುಟ್ಟುಗುಣ ಇದು. ಎಸ್‌ಆರ್-24ರ 12ನೇ ಸಂಖ್ಯೆಯ ಮಾರ್ಕರ್ 500 ಬೇಸ್ ಜೋಡಿಯ (ಡಿಎನ್‌ಎ ಉದ್ದದ ಅಳತೆ) ಪಟ್ಟೆ ಕೊಡುತ್ತದೆ, ವಂಶವಾಹಿ ಇಲ್ಲದ ಗಿಡದಲ್ಲಿ ಸುಮ್ಮನಿರುತ್ತದೆ. ಆ ಮೌನಕ್ಕೆ ಎರಡು ಅರ್ಥ. ಆದ್ದರಿಂದ ಎಲ್ಲ ಗೋಧಿಯಲ್ಲೂ ಬರುವ ಇನ್ನೊಂದು ಪ್ರೈಮರ್ ಜೋಡಿಯನ್ನು ಅದೇ ಕೊಳವೆಗೆ ಸೇರಿಸಿ. ಎರಡನೆಯದು ಬಂದು ಮೊದಲನೆಯದು ಬರದಿದ್ದರೆ ಮಾತ್ರ ‘ಇಲ್ಲ’ ಎಂದು ಬರೆಯಿರಿ.

ಎಸ್‌ಆರ್-26ರಲ್ಲಿ ಈ ತಾಪತ್ರಯಕ್ಕೆ ಸೊಗಸಾದ ಪರಿಹಾರವಿದೆ. 43ನೇ ಸಂಖ್ಯೆಯ ಮಾರ್ಕರ್ ವಂಶವಾಹಿ ಇದ್ದರೆ 207ರ ಪಟ್ಟೆ ಕೊಡುತ್ತದೆ. ಬಿಇ-518379 ಎಂಬುದು ಮೂಲ ಗೋಧಿಯ ತುಣುಕು ಇದ್ದರೆ 303ರ ಪಟ್ಟೆ ಕೊಡುತ್ತದೆ. ಎರಡನ್ನೂ ಒಟ್ಟಿಗೆ ನಡೆಸಿದರೆ 207 ಮಾತ್ರ ಬಂದದ್ದು ಸಮಯುಗ್ಮ (ವಂಶವಾಹಿಯ ಎರಡು ಪ್ರತಿ), ಎರಡೂ ಬಂದದ್ದು ಮಿಶ್ರಯುಗ್ಮ (ಒಂದೇ ಪ್ರತಿ), 303 ಮಾತ್ರ ಬಂದದ್ದು ಬರಿಗೈ. ಎರಡೂ ಬರದಿದ್ದರೆ ಪಿಸಿಆರ್ ಕೆಟ್ಟಿದೆ.

ಎಸ್‌ಆರ್-2ರ ಸಿಎಸ್‌ಎಸ್‌ಆರ್-2 ಮಾರ್ಕರ್‌ನಲ್ಲಿ 337ರ ತುಣುಕನ್ನು ಕಿಣ್ವದಿಂದ ಕತ್ತರಿಸಬೇಕು. ವಂಶವಾಹಿ ಇದ್ದರೆ 172, 112, 53. ಇಲ್ಲದಿದ್ದರೆ 225, 112. ಕೆಲವು ತಳಿಗಳಲ್ಲಿ ತುಣುಕೇ ಹುಟ್ಟುವುದಿಲ್ಲ, ಅದೂ ‘ಇಲ್ಲ’ ಎಂಬುದರ ಇನ್ನೊಂದು ರೂಪ. 337 ಇಡಿಯಾಗಿ ಉಳಿದಿದ್ದರೆ ಕಿಣ್ವ ಸತ್ತಿದೆ ಎಂದು ಓದಿ, ಹೊಸ ರೂಪ ಸಿಕ್ಕಿತೆಂದು ಹಿಗ್ಗಬೇಡಿ. 53ರ ಪಟ್ಟೆ ಬಹಳ ಸಲ ಜೆಲ್‌ನ ತುದಿಯಿಂದ ಜಾರಿಹೋಗುತ್ತದೆ; ತೀರ್ಪು ಕೊಡುವುದು 172.

ಲಕ್ಷಣ: ಲೆಕ್ಕ ತಾಳೆಯಾಗುತ್ತಿಲ್ಲ

ಹಿಮ್ಮುಖ ಸಂಕರಣದ, ಅಂದರೆ ಸಂಕರ ಗಿಡವನ್ನು ಸುಧಾರಿಸುತ್ತಿರುವ ಮೂಲ ತಳಿಯ ಜೊತೆ ಮತ್ತೆ ಕೂಡಿಸಿದಾಗ ಹುಟ್ಟುವ, ಮಕ್ಕಳಲ್ಲಿ ಅರ್ಧಕ್ಕರ್ಧ ಗಿಡಗಳಲ್ಲಿ ಮಾರ್ಕರ್ ಇರಬೇಕು. 40ರಲ್ಲಿ 16 ಬಂದರೆ ಅದು ಆಕಸ್ಮಿಕ, ಕೈ ವರ್ಗ (ಕೈ-ಸ್ಕ್ವೇರ್) ಎಂಬ ಸಂಖ್ಯಾಶಾಸ್ತ್ರದ ಪರೀಕ್ಷೆಯ ಬೆಲೆ 1.6 ಮಾತ್ರ. 12 ಬಂದರೆ 6.4, ಅಂದರೆ ಆಕಸ್ಮಿಕ ಎನ್ನಬಹುದಾದ 3.84ರ ಗಡಿ ದಾಟಿತು. ಆಗ ಹುಡುಕಬೇಕು.

ಕಡಿಮೆ ಬಂದರೆ ಮೊದಲ ಅನುಮಾನ ಚಿಮಟದ ಮೇಲೆ. ತೆನೆಯ ಕೇಸರ ತೆಗೆಯುವಾಗ ಒಂದೆರಡು ಪರಾಗಕೋಶ ಉಳಿದರೆ ಕೆಲವು ಕಾಳು ಸಂಕರವಾಗದೆ ತಾಯಿಯ ಸ್ವಂತ ಕಾಳೇ ಆಗುತ್ತದೆ. ನೀವು ಸುಧಾರಿಸುತ್ತಿರುವ ತಳಿಯನ್ನೇ, ಉದಾಹರಣೆಗೆ ಲೋಕ್-1 ಅನ್ನು, ತಾಯಿಯಾಗಿಟ್ಟರೆ ಇಂಥ ಕಾಳುಗಳಲ್ಲಿ ಮಾರ್ಕರ್ ಇರುವುದಿಲ್ಲ, ಜರಡಿಯಲ್ಲಿ ತಾವಾಗಿ ಉದುರಿಹೋಗುತ್ತವೆ. ಮಿಶ್ರ ಗಿಡವನ್ನು ತಾಯಿಯಾಗಿಟ್ಟರೆ ಸ್ವಂತ ಕಾಳುಗಳಲ್ಲೂ ಮುಕ್ಕಾಲು ಪಾಲು ಮಾರ್ಕರ್ ಹೊತ್ತು ನಿಲ್ಲುತ್ತವೆ, ನಿಮಗೆ ಗೊತ್ತೇ ಆಗುವುದಿಲ್ಲ. ತಾಯಿ ಯಾರು ಎಂಬ ಆಯ್ಕೆಗೆ ಒಂದು ಪೈಸೆಯೂ ಖರ್ಚಿಲ್ಲ, ಆದರೂ ಎಷ್ಟು ಜನ ಅದನ್ನು ಯೋಚಿಸದೆ ಮಾಡುತ್ತಾರೆ ಎಂಬುದು ನನಗೆ ಇಂದಿಗೂ ಆಶ್ಚರ್ಯ.

ಹೆಚ್ಚು ಬಂದರೆ ನೀವು ದಾಟಿಸುತ್ತಿರುವುದು ಎಸ್‌ಆರ್-36 ಇರಬಹುದೇ ನೋಡಿ. ಟಿಮೊಫೀವಿ ಗೋಧಿಯಿಂದ ಬಂದ ಆ ತುಣುಕು ಮುಂದಿನ ಪೀಳಿಗೆಗೆ ತನ್ನ ಪಾಲಿಗಿಂತ ಹೆಚ್ಚು ಸಲ ದಾಟುತ್ತದೆ. ಅಲ್ಲಿ ಮೆಂಡೆಲ್ ಲೆಕ್ಕ ತಪ್ಪುವುದೇ ಸರಿ.

ಬೇಕಾದ ಗಿಡ ಒಂದೂ ಸಿಗಲಿಲ್ಲ ಎಂಬ ದೂರಿಗೆ ಕಾರಣ ಹೆಚ್ಚಾಗಿ ಕಡಿಮೆ ಗಿಡಗಳೇ. ಮೂರು ವಂಶವಾಹಿಗಳನ್ನು ಒಟ್ಟಿಗೆ ದಾಟಿಸುವಾಗ ಹಿಮ್ಮುಖ ಸಂಕರಣದಲ್ಲಿ ಎಂಟಕ್ಕೆ ಒಂದು ಗಿಡ ಸಿಗುತ್ತದೆ. ಶೇ 95ರ ಭರವಸೆ ಬೇಕಿದ್ದರೆ 23 ಗಿಡ ಸಾಕು. ಆದರೆ ಕೊನೆಯಲ್ಲಿ ಸ್ವಕೀಯ ಪರಾಗಸ್ಪರ್ಶ ಮಾಡಿಸಿ ಮೂರನ್ನೂ ಸಮಯುಗ್ಮವಾಗಿ ಹಿಡಿಯಲು 64ಕ್ಕೆ ಒಂದು. ಅದೇ ಭರವಸೆಗೆ 191 ಗಿಡ ಬೇಕು. 60 ಗಿಡ ನೆಟ್ಟು ಅದೃಷ್ಟವನ್ನು ಬೈಯುವವರೇ ಹೆಚ್ಚು.

ಲಕ್ಷಣ: ಮಾರ್ಕರ್ ಇದೆ, ಆದರೂ ಕಾಂಡದ ಮೇಲೆ ತುಕ್ಕು

ಎದೆ ಒಡೆಯುವ ಲಕ್ಷಣ ಇದೇ. ನಿಧಾನವಾಗಿ ಮೆಟ್ಟಿಲು ಹತ್ತೋಣ.

ಅದು ಕಾಂಡ ತುಕ್ಕೇ ಹೌದೇ? ಬೆರಳು ಸವರಿ ನೋಡಿ. ಕಾಂಡ ತುಕ್ಕಿನ ಗುಳ್ಳೆ ಉದ್ದುದ್ದ ಇರುತ್ತದೆ, ಸಿಪ್ಪೆ ಹರಿದು ಅಂಚು ಒರಟಾಗಿ ಬೆರಳಿಗೆ ತಾಗುತ್ತದೆ, ಕಾಂಡ ಮತ್ತು ಎಲೆಯ ಒರೆಯ ಮೇಲೆ ಹೆಚ್ಚು. ಎಲೆ ತುಕ್ಕಿನದು ಕಿತ್ತಳೆ ಕಂದು, ದುಂಡಗೆ ಚಿಕ್ಕದು, ಎಲೆಯ ಮೇಲ್ಮೈಯಲ್ಲಿ ಚದುರಿರುತ್ತದೆ. ಎಸ್‌ಆರ್-26 ಎಲೆ ತುಕ್ಕನ್ನು ತಡೆಯುವುದಿಲ್ಲ, ತಡೆಯುತ್ತೇನೆಂದು ಅದು ಎಂದೂ ಹೇಳಿಲ್ಲ.

ಗಿಡದ ವಯಸ್ಸೆಷ್ಟು, ವಂಶವಾಹಿ ಯಾವುದು? ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆ ಎಸ್‌ಆರ್-2ರ ಮಟ್ಟಿಗೆ ಕೈಕೊಡುತ್ತದೆ. ಅಮೆರಿಕದ ತಳಿಗಾರ ಮ್ಯಾಕ್‌ಫ್ಯಾಡನ್ ಯಾರೊಸ್ಲಾವ್ ಎಂಬ ಎಮ್ಮರ್ ಗೋಧಿಯಿಂದ ಸಾಮಾನ್ಯ ಗೋಧಿಗೆ ದಾಟಿಸಿದ ಈ ವಂಶವಾಹಿ ಸಸಿಯಲ್ಲಿ ನಿದ್ರಿಸುತ್ತದೆ, ಬೆಳೆದ ಗಿಡದಲ್ಲಿ ಎಚ್ಚರಗೊಳ್ಳುತ್ತದೆ. ಸಾಲದೆಂಬಂತೆ ಒಂದೇ ಪ್ರತಿ ಇದ್ದರೆ ಗುಣ ತೋರುವುದಿಲ್ಲ, ಎರಡೂ ಬೇಕು. ಎರಡಿದ್ದರೂ ಅದು ರೋಗವನ್ನು ನಿಧಾನಿಸುತ್ತದೆಯೇ ಹೊರತು ಶೂನ್ಯಕ್ಕೆ ಇಳಿಸುವುದಿಲ್ಲ. ಸಸಿ ಪರೀಕ್ಷೆಯಲ್ಲಿ ಸೋತಿತೆಂದು ಎಸ್‌ಆರ್-2 ಸಾಲುಗಳನ್ನು ಕಿತ್ತೆಸೆದವರನ್ನು ಕಂಡಿದ್ದೇನೆ.

ಉಷ್ಣಾಂಶ ಎಷ್ಟಿತ್ತು? ಎಸ್‌ಆರ್-6 ತಂಪಿನಲ್ಲಿ, 20 ಡಿಗ್ರಿಯ ಆಸುಪಾಸಿನಲ್ಲಿ, ಚೆನ್ನಾಗಿ ಕಾದು 25 ದಾಟಿದರೆ ಕೈಚೆಲ್ಲುತ್ತದೆ. ಎಸ್‌ಆರ್-13 ಮತ್ತು ಎಸ್‌ಆರ್-21 ಇದಕ್ಕೆ ತದ್ವಿರುದ್ಧ, ಬಿಸಿಯಲ್ಲಿ ಹುರುಪು. ಗಾಜಿನಮನೆಯ ತಾಪಮಾಪಕದ ದಾಖಲೆ ನೋಡದೆ ತೀರ್ಪು ಕೊಡಬೇಡಿ.

ಇವು ಮೂರೂ ಸರಿಯಿದ್ದರೆ ನೆರೆಮನೆಯ ಪ್ರಶ್ನೆಗೆ ಬನ್ನಿ. ಮಾರ್ಕರ್ ಮತ್ತು ವಂಶವಾಹಿಯ ನಡುವೆ 5 ಸೆಂಟಿಮಾರ್ಗನ್ ದೂರವಿದ್ದರೆ ಪ್ರತಿ ಪೀಳಿಗೆಯಲ್ಲಿ ಶೇ 5ರಷ್ಟು ಗಿಡಗಳಲ್ಲಿ ಇಬ್ಬರ ದಾರಿ ಬೇರೆಯಾಗುತ್ತದೆ. ಮೂರು ಹಿಮ್ಮುಖ ಸಂಕರಣಗಳಾದ ಮೇಲೆ ಮಾರ್ಕರ್ ನೋಡಿ ಆರಿಸಿದ ಗಿಡಗಳಲ್ಲಿ ಸುಮಾರು ಶೇ 14ರಷ್ಟು ಖಾಲಿ ಮನೆಗಳು. ಪರಿಹಾರ: ವಂಶವಾಹಿಯ ಎರಡೂ ಬದಿಯ ಮಾರ್ಕರ್ ಹಿಡಿದು, ಎರಡೂ ಇದ್ದ ಗಿಡವನ್ನಷ್ಟೇ ಮುಂದಕ್ಕೆ ಒಯ್ಯುವುದು. ಎಸ್‌ಆರ್-24, ಎಸ್‌ಆರ್-26 ಥಿನೊಪೈರಮ್ ಎಂಬ ಹುಲ್ಲಿನಿಂದ ಬಂದವು. ಪರಕೀಯ ತುಣುಕು ಗೋಧಿಯ ವರ್ಣತಂತುವಿನೊಂದಿಗೆ ಬೆರೆಯದ ಕಾರಣ ಅಲ್ಲಿ ಮಾರ್ಕರ್ ಮತ್ತು ವಂಶವಾಹಿ ಬೇರೆಯಾಗುವುದು ಅಪರೂಪ. ಎಸ್‌ಆರ್-2ಕ್ಕೆ ಹಳೆಯ ಮೈಕ್ರೋಸ್ಯಾಟಲೈಟ್ ಮಾರ್ಕರ್ ಜಿಡಬ್ಲ್ಯೂಎಂ-533ರ 120ರ ಪಟ್ಟೆಯನ್ನೊಂದೇ ನಂಬಿದ್ದರೆ ಸಿಎಸ್‌ಎಸ್‌ಆರ್-2ರಿಂದ ಮರುಪರಿಶೀಲಿಸಿ. ಎಸ್‌ಆರ್-2 ಇಲ್ಲದ ಕೆಲವು ಗೋಧಿಗಳೂ ಆ ಪಟ್ಟೆ ತೋರಿಸುತ್ತವೆ.

ವಂಶವಾಹಿ ಇದ್ದೂ ಸೊಲ್ಲೆತ್ತದ ಪರಿಸ್ಥಿತಿ ಇನ್ನೊಂದಿದೆ. ಕಪ್ಲಿ ಎಂದು ನಾವು ಕರೆಯುವ ಡೈಕಾಕಂ ಗೋಧಿಯಿಂದ, ಅಥವಾ ಡ್ಯೂರಂನಿಂದ, ಸಾಮಾನ್ಯ ಗೋಧಿಗೆ ನಿರೋಧಕತೆ ತಂದಾಗ ಅದು ಮಂಕಾಗುವುದುಂಟು. ಡಿ ಗುಂಪಿನ ವರ್ಣತಂತುವಿನಲ್ಲಿ ಬಾಯಿ ಮುಚ್ಚಿಸುವ ಅಂಶಗಳಿರುತ್ತವೆ. ಕೆನಡಾದ ಕ್ಯಾಂಥ್ಯಾಚ್ ತಳಿಯಲ್ಲಿ 7ಡಿ ವರ್ಣತಂತುವಿನ ಮೇಲೆ ಅಂಥದ್ದೊಂದು ಪತ್ತೆಯಾಗಿದೆ. ಹೀಗಾದರೆ ಮಾರ್ಕರ್ ಬದಲಿಸಿ ಪ್ರಯೋಜನವಿಲ್ಲ, ಸುಧಾರಿಸಬೇಕಾದ ತಳಿಯನ್ನೇ ಬದಲಿಸಬೇಕು.

ಕಡೆಯ ಮೆಟ್ಟಿಲು: ಶಿಲೀಂಧ್ರವೇ ಬದಲಾಗಿರುವುದು. ಎಸ್‌ಆರ್-24 ಇದ್ದ ಗಿಡಕ್ಕೆ ತುಕ್ಕು ತರುವ 40-1 ಎಂಬ ಬಗೆ ನಮ್ಮ ದೇಶದಲ್ಲೇ ಇದೆ. ಎಸ್‌ಆರ್-25 ಅನ್ನು ಮುರಿದ ಬಗೆಯ ವರದಿ 2009ರಲ್ಲಿ ಭಾರತದಿಂದಲೇ ಬಂತು. ಇಥಿಯೋಪಿಯದ ಡಿಗಾಲು ತಳಿಯ ಕಥೆ ಇನ್ನೂ ಕಹಿ. ಉಗಾಂಡದಲ್ಲಿ ಕಾಣಿಸಿಕೊಂಡು ಲೋಕವನ್ನೇ ಬೆಚ್ಚಿಸಿದ ಯುಜಿ-99 ಎಂಬ ಶಿಲೀಂಧ್ರದ ಬಗೆಯನ್ನು ತಡೆಯುತ್ತದೆಂದು ರೈತರು ಅದನ್ನು ಹೊಲದ ತುಂಬ ಬೆಳೆದರು. 2013ರಲ್ಲಿ ಟಿಕೆಟಿಟಿಎಫ್ ಎಂಬ ಬೇರೆಯೇ ಬಗೆ ಬಂದು ಅದನ್ನು ಮಲಗಿಸಿತು. ಮಾರ್ಕರ್ ಸರಿ, ವಂಶವಾಹಿ ಸರಿ, ಎದುರಾಳಿ ಬೇರೆ. ಎಸ್‌ಆರ್-24ರ ಜೊತೆ ಎಸ್‌ಆರ್-2 ಅಥವಾ ಎಸ್‌ಆರ್-26 ಅನ್ನು ಕಟ್ಟುವುದು ಇದಕ್ಕಾಗಿಯೇ.

ಲಕ್ಷಣ: ಮಾರ್ಕರ್ ಇಲ್ಲ, ಗಿಡವಂತೂ ಹಸನಾಗಿದೆ

ಖುಷಿಪಡುವ ಮೊದಲು ಆಗ್ರಾ ಲೋಕಲ್ ಸಾಲನ್ನು ನೋಡಿ. ರೋಗಕ್ಕೆ ಸುಲಭವಾಗಿ ತುತ್ತಾಗಲೆಂದೇ ಬೆಳೆಸುವ ತಳಿ ಅದು. ಅದಕ್ಕೂ ರೋಗ ಬಂದಿಲ್ಲವೆಂದರೆ ಪರೀಕ್ಷೆಯೇ ನಡೆದಿಲ್ಲ. ರಾತ್ರಿಯಿಡೀ ಎಲೆಯ ಮೇಲೆ ಇಬ್ಬನಿ ನಿಂತಿತ್ತೇ? ದ್ರವ ಸಾರಜನಕದಿಂದ ತೆಗೆದ ಬೀಜಕಗಳನ್ನು 42 ಡಿಗ್ರಿ ಬಿಸಿನೀರಿನಲ್ಲಿ ಕೊಳವೆ ಸಮೇತ ಕೆಲವು ನಿಮಿಷ ಇಟ್ಟು ಎಬ್ಬಿಸಿದಿರಾ? ಎಬ್ಬಿಸದಿದ್ದರೆ ಅವು ಜೀವವಿದ್ದೂ ಮೊಳೆಯುವುದಿಲ್ಲ. ದ್ರವ ಸಾರಜನಕ ಮೈನಸ್ 196 ಡಿಗ್ರಿ; ಕಿಟಕಿ ತೆರೆದ ಕೋಣೆ, ಕನ್ನಡಕ, ಸಡಿಲ ಕೈಗವಸು ಇಲ್ಲದೆ ಮುಚ್ಚಳ ತೆಗೆಯಬೇಡಿ.

ಆಗ್ರಾ ಲೋಕಲ್ ಕೆಂಪಾಗಿ ಸುರಿಯುತ್ತಿದ್ದು ನಿಮ್ಮ ಗಿಡ ಮಾತ್ರ ಹಸನಾಗಿದ್ದರೆ ಅದರಲ್ಲಿ ಬೇರೊಂದು ವಂಶವಾಹಿ ಇರಬಹುದು. ಬೀಜ ಪ್ರತ್ಯೇಕವಾಗಿ ತೆಗೆದಿಡಿ. ಮಾರ್ಕರ್ ಇಲ್ಲವೆಂದು ಅದನ್ನು ಎಸೆಯುವಷ್ಟು ಮಾರ್ಕರ್ ಭಕ್ತಿ ಒಳ್ಳೆಯದಲ್ಲ.

ಲಕ್ಷಣ: ರೋಗವಿಲ್ಲ, ಆದರೆ ಗಿಡ ವಿಚಿತ್ರವಾಗಿದೆ

ತೆನೆಯ ಹೊಟ್ಟು, ಗಿಣ್ಣಿನ ಕೆಳಭಾಗ ಕಪ್ಪಾಗಿದೆ, ಉಗುರಿನಿಂದ ಕೆರೆದರೆ ಪುಡಿ ಬರುವುದಿಲ್ಲ: ಇದು ಎಸ್‌ಆರ್-2ರ ಜೊತೆಗೇ ಬರುವ ಹುಸಿ ಕಪ್ಪು. ಔಷಧಿ ಸಿಂಪಡಿಸಬೇಡಿ. ಮಾರ್ಕರ್‌ಗೆ ದುಡ್ಡಿಲ್ಲದ ಕಾಲದಲ್ಲಿ ತಳಿಗಾರರು ಈ ಕಪ್ಪನ್ನೇ ಗುರುತಾಗಿ ಬಳಸಿದರು. ಒಂದೊಂದು ವರ್ಷ ಹವೆಗೆ ಅನುಸಾರ ಅದು ಮಸುಕಾಗುತ್ತದೆ, ಅಷ್ಟೇ.

ಹಿಟ್ಟು ಹಳದಿ ಬಂದರೆ ಎಸ್‌ಆರ್-25 ಜೊತೆಗಿನ ಬಣ್ಣದ ವಂಶವಾಹಿ, ಕಣಕ ಅಂಟಂಟಾದರೆ ಎಸ್‌ಆರ್-31 ಜೊತೆಗಿನ ರೈ ಧಾನ್ಯದ ತುಣುಕು. ಬೆರೆಯದ ಪರಕೀಯ ತುಣುಕಿನ ಗುಣವೂ ಅವಗುಣವೂ ಒಂದೇ ಗಂಟಿನಲ್ಲಿವೆ. ಎಸ್‌ಆರ್-26ರ ಹಳೆಯ ಉದ್ದ ತುಣುಕು ಇಳುವರಿ ತಗ್ಗಿಸುತ್ತಿತ್ತು. ಆಸ್ಟ್ರೇಲಿಯದಲ್ಲಿ ಅದನ್ನು ಚಿಕ್ಕದಾಗಿಸಿದ ಸಾಲುಗಳು ಸಿದ್ಧವಾದವು. ಬೀಜ ತರಿಸುವಾಗ ಯಾವುದನ್ನು ಕಳಿಸುತ್ತಿದ್ದಾರೆ ಎಂದು ಕೇಳಿ.

ಇಲ್ಲಿಗೆ ನಿಲ್ಲಿಸಿ, ಸಹಾಯ ಕೇಳಿ

ಖಚಿತ ತಳಿಯಲ್ಲೂ ಮೂರು ಸಲ ಫಲಿತಾಂಶ ಏರುಪೇರಾದರೆ ಪ್ರೈಮರ್ ಹಾಗೂ ಬೀಜ ಎರಡನ್ನೂ ಬೇರೆ ಪ್ರಯೋಗಾಲಯಕ್ಕೆ ಕೊಟ್ಟು ನಡೆಸಿ ನೋಡಿ. ನಾಲ್ಕನೆಯ ಸಲ ನೀವೇ ನಡೆಸುವುದು ಹಟ.

ಎಸ್‌ಆರ್-31 ಖಚಿತವಾಗಿ ಇರುವ ಗಿಡದ ಕಾಂಡದ ಮೇಲೆ ದೊಡ್ಡ ಗುಳ್ಳೆ ಕಂಡರೆ ಎಲ್ಲ ಕೆಲಸವನ್ನೂ ಅಲ್ಲಿಗೇ ನಿಲ್ಲಿಸಿ. ಯುಜಿ-99 ಮೊದಲು ಹೆಸರು ಮಾಡಿದ್ದು ಇದೇ ವಂಶವಾಹಿಯನ್ನು ಮುರಿದು. ಅದನ್ನು ಎದುರಿಸುವ ಶಕ್ತಿ ಪರೀಕ್ಷಿಸಲು ನಮ್ಮ ಸಾಲುಗಳ ಬೀಜವನ್ನು ಕೀನ್ಯದ ಎನ್ಜೊರೊಗೆ, ಇಥಿಯೋಪಿಯಕ್ಕೆ ಕಳುಹಿಸಿ ಅಲ್ಲೇ ಬೆಳೆಸುತ್ತಾರೆಯೇ ಹೊರತು ಶಿಲೀಂಧ್ರವನ್ನು ಇಲ್ಲಿಗೆ ತರುವುದಿಲ್ಲ. ಆ ಶಿಸ್ತು ನಿಮ್ಮ ಹೊಲಕ್ಕೂ ಅನ್ವಯಿಸುತ್ತದೆ. ಬೀಜಕಗಳನ್ನು ನಿಮ್ಮ ಗಾಜಿನಮನೆಯಲ್ಲಿ ಬೆಳೆಸಿ ನೋಡುವ ಕುತೂಹಲ ಬೇಡ. ಗೋಧಿ ತುಕ್ಕಿನ ಸಂಶೋಧನೆ ನಡೆಸುವ ಶಿಮ್ಲಾದ ಫ್ಲವರ್‌ಡೇಲ್ ಕೇಂದ್ರಕ್ಕೆ ತಿಳಿಸಿ, ಅವರು ಹೇಳಿದಂತೆ ಮಾದರಿ ಕಳುಹಿಸಿ. ರೋಗದ ಕಾಂಡವನ್ನು ನೆರಳಲ್ಲಿ ಆರಿಸಿ ಕಾಗದದ ಲಕೋಟೆಯಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಬೂಷ್ಟು ಬರುತ್ತದೆ, ಬೀಜಕ ಸಾಯುತ್ತದೆ. ಲಕೋಟೆಯ ಮೇಲೆ ತಳಿ, ಊರು, ದಿನಾಂಕ ಬರೆಯಿರಿ, ಪೆನ್ಸಿಲಿನಲ್ಲಿ. ಅದೇ ಬಟ್ಟೆಯಲ್ಲಿ ಪಕ್ಕದ ಗೋಧಿ ಹೊಲಕ್ಕೆ ಹೋಗಬೇಡಿ.